ವಿಮಾನವೀರ ಅಜ್ಜಮಾಡ ದೇವಯ್ಯನವರು

ವೀರಗಲ್ಲನ್ನು ನಿಲ್ಲಿಸುವವರು ಸಾಮಾನ್ಯವಾಗಿ ಮಡಿದವನ ಕಡೆಯವರೇ. ಅವನ ಸಾಹಸಕ್ಕೆ ಎದುರಾಳಿಯ ಪಕ್ಷದಿಂದ ಸಾಕ್ಷ್ಯವು ದೊರೆಯುವುದು ಅಪೂರ್ವ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯದಲ್ಲಿ ಅದು ದೊರೆತಿದೆ. 1932ರ ಡಿಸೆಂಬರ್ 24ರಂದು ಜನಿಸಿದ ಇವರು 1954ರಲ್ಲಿ ಭಾರತೀಯ ವಾಯುಸೇನೆಯನ್ನು ಸೇರಿ, ಮುಂದೆ ಹಾರಾಟದ ಶಿಕ್ಷಕರೂ ಆದರು.

1965ರ ಸೆಪ್ಟೆಂಬರ್ 7ರ ಬೆಳಗಿನ ಜಾವದಲ್ಲಿ, ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಮಾಡಲು ಆದಂಪುರದಲ್ಲಿ ಸಿದ್ಧವಾದ 12 ಮಿಸ್ಟೇರ್ ವಿಮಾನಗಳ ತಂಡದಲ್ಲಿ ಇವರಿಗೆ ಮೊದಲು ಸ್ಥಾನವಿರಲಿಲ್ಲ. ಹೆಚ್ಚಿನವರಾಗಿ ಕಾದಿದ್ದು, ತೆರವಾದ ಸ್ಥಾನವನ್ನು ತುಂಬಲು ಹೊರಟವರು ಇವರು. ದಾಳಿಯಿಂದ ಮರಳುವಾಗ ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಇವರನ್ನು ತಡೆಯಿತು. ಆ ವಿಮಾನದ ಪರಮವೇಗವು ಶಬ್ದವೇಗದ ಇಮ್ಮಡಿ. ಮಿಸ್ಟೇರಾದರೋ ಸಮತಲದ ಹಾರಾಟದಲ್ಲಿ ಶಬ್ದವೇಗವನ್ನು ಮುಟ್ಟಲಾರದು. ಆದರೆ ನೆಲದ ಸಮೀಪದಲ್ಲಿ ಸುತ್ತಿಬಳಸಿ ಕಾದುವಾಗ ವೇಗವೊಂದೇ ಸಾಲದು. ಪೆಟ್ಟುತಿಂದ ತಮ್ಮ ವಿಮಾನದಿಂದಲೇ ದೇವಯ್ಯನವರು ಗುಂಡುಹಾರಿಸಿ ಅದನ್ನು ಕೆಡವಿದರು. ಹುಸೇನರು ಧುಮುಕುಕೊಡೆಯಿಂದ ಬದುಕಿ ಉಳಿದರು, ಇವರು ಹಿಂದಿರುಗಲಿಲ್ಲ.

ಜೊತೆಯವರಾರೂ ಇದನ್ನು ಕಂಡಿರಲಿಲ್ಲವಾದುದರಿಂದ ನಮ್ಮ ದಾಖಲೆಗಳಲ್ಲಿ ಇವರು ‘ಕಾಣೆಯಾದವರು’ ಎಂದಷ್ಟೇ ಉಳಿದರು. ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಇಂಗ್ಲೆಂಡಿನ ಜಾನ್ ಫ್ರಿಕರ್ ಎಂಬವರು ಬರೆದ ಗ್ರಂಥವು 1979ರಲ್ಲಿ ಹೊರಬಂದ ಮೇಲೆಯೇ ಸಂಗತಿಯು ಬೆಳಕಿಗೆ ಬಂದಿತು. ಆ ಬಳಿಕವೂ ಮಹಾವೀರಚಕ್ರವು ಸಲ್ಲಲು 9 ವರ್ಷಗಳು ಹಿಡಿದವು. 1988ರಲ್ಲಿ ಅದನ್ನು ಸ್ವೀಕರಿಸಿದವರು ಪತ್ನಿ ಸುಂದರಿಯವರು.