ಹಸಿ ಗಾರೆಯ ಮೇಲೆ ಮೊಸ್ಕೆನಿ

ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್ ಹೊರಗಿನಿಂದ ಅಷ್ಟೇನೂ ಬೆರಗು ಹುಟ್ಟಿಸುವುದಿಲ್ಲ. 1880ರಲ್ಲಿ ಯೇಸುಸಭೆಯವರು ಕಾಲೇಜು ತೆರೆದರು. 1884ರ ಹೊತ್ತಿಗೆ ಚಾಪೆಲ್ ಎದ್ದು ನಿಂತಿತು. ಒಳಗೆ ಕಾಲಿಟ್ಟರೆ ಮಾತ್ರ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಗೋಡೆ, ಚಾವಣಿ, ಎಲ್ಲಿ ನೋಡಿದರೂ ಚಿತ್ರ. ಇಟಲಿಯ ಬೆರ್ಗಮೊ ಕಡೆಯ ಆಂಟೋನಿಯೊ ಮೊಸ್ಕೆನಿ ಇವನ್ನು 1899ರಿಂದ 1901ರ ನಡುವೆ ಬರೆದು ಮುಗಿಸಿದ. ಆತ ಪಾದ್ರಿಯಲ್ಲ, ಯೇಸುಸಭೆಯ ಬ್ರದರ್.

ಗೋಡೆಯ ಮೇಲಿನವು ಫ್ರೆಸ್ಕೊ ಚಿತ್ರಗಳು, ಎಂದರೆ ಆಗತಾನೇ ಮೆತ್ತಿದ ಗಾರೆ ಹಸಿಯಿರುವಾಗಲೇ ಬರೆದವು. ಈ ವಿದ್ಯೆಯಲ್ಲಿ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ತಿಂಗಳುಗಟ್ಟಲೆ ನೆನೆಯಲು ಬಿಟ್ಟು, ಮರಳು ಕಲಸಿ ಗೋಡೆಗೆ ಒರಟು ಪದರ ಹಾಕುತ್ತಾರೆ. ಅದರ ಮೇಲೆ ನುಣುಪಾದ ತೆಳು ಪದರ. ಬಣ್ಣದ ಪುಡಿಗೆ ಅಂಟು ಬೇಡ, ಎಣ್ಣೆ ಬೇಡ, ಬರೀ ನೀರು ಸಾಕು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣ ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳನ್ನೂ ತನ್ನೊಳಗೆ ಕಟ್ಟಿಕೊಳ್ಳುತ್ತದೆ.

ಕಷ್ಟವಿರುವುದು ಗಡಿಯಾರದ ಜೊತೆ. ಗಾರೆ ಕಾಯುವುದಿಲ್ಲ. ಒಂದು ದಿನದಲ್ಲಿ ಎಷ್ಟು ಬರೆಯಲಾದೀತೋ ಅಷ್ಟಕ್ಕೇ ಮೆತ್ತಬೇಕು. ಕೈ ತಪ್ಪಿದರೆ ಕೆತ್ತಿ ತೆಗೆದು ಮೊದಲಿಂದ ಶುರು. ಹಸಿಯಲ್ಲಿ ಗಾಢವಾಗಿ ಕಂಡದ್ದು ಒಣಗಿದ ಮೇಲೆ ತಿಳಿಯಾಗುತ್ತದೆ. ನಿನ್ನೆ ಬರೆದ ಭುಜಕ್ಕೆ ಇವತ್ತಿನ ತೋಳು ಹೊಂದಬೇಕೆಂದರೆ, ನಾಳೆ ಉಳಿಯುವ ಬಣ್ಣ ಇವತ್ತೇ ಕಣ್ಣಲ್ಲಿರಬೇಕು. ಸುಣ್ಣದ ಖಾರ ಎಲ್ಲ ಬಣ್ಣಕ್ಕೂ ಆಗಿಬರುವುದಿಲ್ಲ. ಕೆಮ್ಮಣ್ಣು, ಹಳದಿ ಮಣ್ಣಿನಂಥವು ತಾಳುತ್ತವೆ.

ಚಾವಣಿಯಲ್ಲಿ ಅಲೋಶಿಯಸನ ಜೀವನಕಥೆ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿದೆ. ಸಿರಿವಂತ ಮನೆತನ ಬಿಟ್ಟು ಬಂದ ಈ ಹುಡುಗ ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ ತೀರಿಕೊಂಡಾಗ ಅವನಿಗೆ 23 ವರ್ಷ. ಎಣ್ಣೆಬಣ್ಣ ನಿಧಾನಕ್ಕೆ ಒಣಗುತ್ತದೆ, ತಿದ್ದಲು ಬಿಡುತ್ತದೆ. ಹಾಗಾಗಿಯೇ ನನಗೆ ಚಾವಣಿಗಿಂತ ಗೋಡೆಗಳ ಮೇಲೆ ಗೌರವ ಹೆಚ್ಚು.

ಕರಾವಳಿಯ ತೇವ ಫ್ರೆಸ್ಕೊಗೆ ಶತ್ರು. ಗೋಡೆಯೊಳಗೆ ನೀರು ಇಳಿದರೆ ಉಪ್ಪು ಹೊರಗೆ ಬಂದು ಪದರ ಎಬ್ಬಿಸುತ್ತದೆ. 1990ರ ದಶಕದ ಆರಂಭದಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ತಜ್ಞರು ಇಲ್ಲಿನ ಚಿತ್ರಗಳನ್ನು ದುರಸ್ತಿ ಮಾಡಿದರು. ಮೊಸ್ಕೆನಿ ಮುಂದೆ ಕೊಚ್ಚಿಯ ಸಾಂತಾ ಕ್ರೂಜ್ ಚರ್ಚಿನಲ್ಲೂ ಚಿತ್ರ ಬರೆದು, 1905ರಲ್ಲಿ ಅಲ್ಲೇ ಕೊನೆಯುಸಿರೆಳೆದ.

ಹೋದವರು ಬಲಿಪೀಠ ನೋಡಿ ಹೊರಟುಬಿಡಬೇಡಿ. ಹಿಂದಿನ ಗೋಡೆಯಲ್ಲಿ ಮಕ್ಕಳೊಡನಿರುವ ಯೇಸುವನ್ನು ನೋಡಲು ತಿರುಗಿ ನಿಲ್ಲಬೇಕು.