ಚಿತ್ರದಲ್ಲಿರುವವರು ಯಾರು?

ಪ್ರಶ್ನೆ: ಮ್ಯೂಸಿಯಂನ ಹಳೆಯ ಚಿತ್ರಗಳಲ್ಲಿರುವವರು ಇಂಥವರೇ ಎಂದು ಹೇಗೆ ಗುರುತಿಸುತ್ತಾರೆ?

ಉತ್ತರ: ಮೊದಲು ನೋಡುವುದು ಚಿತ್ರದ ಹಿಂಬದಿಯ ಬರಹ, ಸ್ಟುಡಿಯೋ ಮೊಹರು, ಮಾರಾಟದ ದಾಖಲೆ, ಆ ಕಾಲದ ಪತ್ರಗಳನ್ನು. ಅವು ಸಿಗದಿದ್ದರೆ ಉಡುಗೆ, ಒಡವೆ, ನಿಂತ ಭಂಗಿಯೇ ಸಾಕ್ಷಿ.

ಮೈಸೂರಿನದೇ ಉದಾಹರಣೆ ಇದೆ. ಐರಿಷ್ ಕಲಾವಿದ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಮೂವರು ಮಹಿಳೆಯರ ತೈಲಚಿತ್ರ ನರ್ತಕಿಯರದೆಂದೇ ಬಹುಕಾಲ ನಂಬಿದ್ದರು. ಅದರಲ್ಲಿ ಬಲಗಡೆಯವಳು ಸೀರೆ ಸರಿಸಿ ಎಡತೋಳು ತೋರಿಸುತ್ತಿದ್ದಾಳೆ. ಎಡಗಡೆಯವಳ ಮೂಗು, ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿದೆ. ತೋಳು ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆಯ ಸೂಚನೆ, ಮುಖದ ಕಲೆ ಸಿಡುಬು ತಡೆಯುವ ಹಳೆಯ ವಿಧಾನದ ಗುರುತು, ಇವರು ಮೈಸೂರು ಅರಮನೆಯ ರಾಣಿಯರು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಅದಕ್ಕೇ ಸೂಚಿಪಟ್ಟಿಯಲ್ಲಿ ಹೆಸರಿನ ಜೊತೆ ಗುರುತಿಸಿದವರು ಯಾರು, ಆಧಾರವೇನು ಎಂಬುದೂ ಇರಬೇಕು. ಹಳೆಯ ಶೀರ್ಷಿಕೆಯನ್ನೂ ಅಳಿಸಬಾರದು.

ಅರಮನೆಯ ಫೋಟೋಗಳಲ್ಲಿ ದೊರೆಯ ಹೆಸರಿರುತ್ತದೆ, ಪಕ್ಕದಲ್ಲಿ ಚಾಮರ ಹಿಡಿದವನದು ಸಾಮಾನ್ಯವಾಗಿ ಇರುವುದಿಲ್ಲ. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ನಿಮ್ಮ ಮನೆಯ ಹಳೆಯ ಫೋಟೋಗಳಲ್ಲಿರುವವರ ಹೆಸರನ್ನು ಹಿರಿಯರಿರುವಾಗಲೇ ಕೇಳಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಹಗುರವಾಗಿ ಬರೆದಿಡಿ. ಮನೆಗೆಲಸದವರು ಚಿತ್ರದಲ್ಲಿದ್ದರೆ ಅವರದನ್ನೂ ಬಿಡಬೇಡಿ.