ಹಾವೇರಿ ವಿಶ್ವವಿದ್ಯಾಲಯ: ಮುಚ್ಚುವ ಸುದ್ದಿ ಬಂದಾಗ

ಹಾವೇರಿ ವಿಶ್ವವಿದ್ಯಾಲಯ 2023ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರ್ಪಟ್ಟಿತು. ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರವೇ ಅದರ ನೆಲೆಯಾಯಿತು. ರಾಣೇಬೆನ್ನೂರು, ಬ್ಯಾಡಗಿಯ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಹಣದ ಕೊರತೆಯನ್ನು ಮುಂದಿಟ್ಟು, ಹಾವೇರಿಯೂ ಸೇರಿದಂತೆ 9 ವಿಶ್ವವಿದ್ಯಾಲಯಗಳನ್ನು ಮುಚ್ಚುವತ್ತ ಒಲವು ತೋರಿತು.

ಇಂಥ ಹೊತ್ತಿನಲ್ಲಿ ವಿಶ್ವವಿದ್ಯಾಲಯಕ್ಕೆ ಬಾಯಿ ಬಿಡುವುದು ಸುಲಭವಲ್ಲ. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಂತೆ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಅನುದಾನ ಕೊಡುವುದೂ ಸರ್ಕಾರವೇ. ಹಾಗಾಗಿ ಕುಲಪತಿಗಳ ಅಳಲು ಸಾಮಾನ್ಯವಾಗಿ ಪತ್ರ, ಪ್ರಸ್ತಾವ, ಸಿಂಡಿಕೇಟ್ ಸಭೆಗಳಲ್ಲೇ ಉಳಿಯುತ್ತದೆ. ಬಹಿರಂಗವಾಗಿ ಮಾತಾಡುವುದು ವಿರೋಧ ಪಕ್ಷ, ವಿದ್ಯಾರ್ಥಿ ಸಂಘಟನೆಗಳ ಪಾಲು.

ಈ ಎಚ್ಚರ ಸಹಜವೇ. ಆದರೆ ಬ್ಯಾಡಗಿಯಲ್ಲಿ ಬಿ.ಎ. ಓದುವವರಿಗೆ ಅಷ್ಟು ಸಾಲದು. ಅಂಕಪಟ್ಟಿ ಯಾರ ಹೆಸರಲ್ಲಿ ಬರುತ್ತದೆ, ಕಾಲೇಜು ಮತ್ತೆ ಧಾರವಾಡಕ್ಕೆ ಸೇರಿದರೆ ಮುಗಿಸಿದ ಸೆಮಿಸ್ಟರ್‌ಗಳ ಗತಿಯೇನು ಎಂಬುದು ಅವರಿಗೆ ತಿಳಿಯಬೇಕು. ಕಾಯ್ದೆ ತಿದ್ದಿ ಹುಟ್ಟಿದ ವಿಶ್ವವಿದ್ಯಾಲಯವನ್ನು ಉಪಸಮಿತಿಯ ಶಿಫಾರಸಷ್ಟೇ ಮುಚ್ಚಲಾರದು. ವಿಧಾನಮಂಡಲದಲ್ಲಿ ಮತ್ತೆ ತಿದ್ದುಪಡಿಯಾಗಬೇಕು. ಇಷ್ಟನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಸುತ್ತೋಲೆಯಾಗಿ ಹಾಕಿದರೆ ಅದು ರಾಜಕೀಯವಲ್ಲ, ಆಡಳಿತದ ಕೆಲಸ.